ಯಾರನ್ನು ಎಣಿಸಿದರು ಎಂದು ಕೇಳು

ನೋಡು ತಂಗೀ, ಇಳಕಲ್ಲಿನ ಶಾಲೆಗೆ ಹೊಸದಾಗಿ ಬಂದಿದ್ದೀಯ. ಇನ್ನೊಂದು ಸಾಂಕ್ರಾಮಿಕ ಬಂದರೆ, ಶಾಲೆ ತೆರೆಯಬೇಕೋ ಬೇಡವೋ ಎಂಬ ಮಾತು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ನಿನ್ನ ಮುಂದೆಯೂ ಬಂದೀತು. ಆಗ ದೊಡ್ಡ ದನಿಗೆ ಮಣಿಯಬೇಡ.

ಕೋವಿಡ್ ಬಂದಾಗ, 2020ರ ಮಾರ್ಚಿನಲ್ಲಿ, ಶಾಲೆ ಮುಚ್ಚಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆ ರೋಗದ ಗುಣ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಒಂದರಿಂದ ಐದನೆಯ ತರಗತಿ ಮತ್ತೆ ಶುರುವಾದದ್ದು 2021ರ ಅಕ್ಟೋಬರ್ 25ಕ್ಕೆ. ನನ್ನನ್ನು ಕಾಡುವುದು ಆ ಹತ್ತೊಂಬತ್ತು ತಿಂಗಳು.

ಶಾಲೆ ಮುಚ್ಚಿದ್ದಾಗ ಶಿಕ್ಷಕರು ಓಣಿ ಓಣಿಯಲ್ಲಿ ಪಾಠ ಮಾಡುತ್ತಿದ್ದ ವಿದ್ಯಾಗಮವನ್ನು 2020ರ ಅಕ್ಟೋಬರಿನಲ್ಲಿ ನಿಲ್ಲಿಸಿದರು. ಮಕ್ಕಳಿಗೆ, ಶಿಕ್ಷಕರಿಗೆ ಸೋಂಕು ತಗುಲಿದೆ ಎಂಬ ಸುದ್ದಿ ಹಬ್ಬಿತ್ತು. ಆ ಮನೆಗಳ ಸಂಕಟ ಸಣ್ಣದಲ್ಲ. ಆದರೂ ಕೇಳಬೇಕಿತ್ತು: ಸೋಂಕು ಹತ್ತಿದ್ದು ಪಾಠದ ಕಟ್ಟೆಯಲ್ಲೋ, ಮನೆಯಲ್ಲೋ, ಸಂತೆಯಲ್ಲೋ? ಪಾಠಕ್ಕೆ ಬಾರದ ಅದೇ ಓಣಿಯ ಮಕ್ಕಳಲ್ಲಿ ಎಷ್ಟು ಮಂದಿಗೆ ಹತ್ತಿತ್ತು? ಬಾರದವರ ಈ ಲೆಕ್ಕವಿಲ್ಲದೆ ಪಾಠಕ್ಕೆ ಬಂದವರ ಲೆಕ್ಕ ಏನನ್ನೂ ಹೇಳದು.

ತೆರೆಯಿರಿ ಎಂದವರ ಪುರಾವೆಯೂ ತೆಳುವೇ. ಡೆನ್ಮಾರ್ಕ್ 2020ರ ಏಪ್ರಿಲಿನಲ್ಲೇ ಚಿಕ್ಕ ಮಕ್ಕಳ ಶಾಲೆ ತೆರೆಯಿತು, ನಿಜ. ಮಗ್ಗದ ಪಕ್ಕದಲ್ಲೇ ಅಜ್ಜಿ ಮಲಗುವ ನಮ್ಮ ನೇಕಾರರ ಮನೆಗೆ ಅದನ್ನು ಹಾಗೇ ಅನ್ವಯಿಸಲಾಗದು.

2021ರ ಆಗಸ್ಟಿನಲ್ಲಿ ಪಾಸಿಟಿವಿಟಿ, ಅಂದರೆ ಪರೀಕ್ಷಿಸಿದವರಲ್ಲಿ ಸೋಂಕಿತರ ಪ್ರಮಾಣ, ಶೇ. 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಒಂಬತ್ತರಿಂದ ಮೇಲಿನ ತರಗತಿ ತೆರೆದರು. ಜ್ವರದವರನ್ನಷ್ಟೇ ಪರೀಕ್ಷಿಸಿದರೆ ಆ ಸಂಖ್ಯೆ ಏರುತ್ತದೆ, ಬಸ್ ನಿಲ್ದಾಣದಲ್ಲಿ ಆರೋಗ್ಯವಾಗಿರುವವರನ್ನೂ ಸೇರಿಸಿದರೆ ಇಳಿಯುತ್ತದೆ. ಊರಿನಲ್ಲಿ ರೋಗ ಮಾತ್ರ ಇದ್ದಷ್ಟೇ ಇರುತ್ತದೆ.

ಗಟ್ಟಿ ಲೆಕ್ಕಗಳೂ ಇದ್ದವು. ಐಸಿಎಂಆರ್ 2021ರ ಜೂನ್-ಜುಲೈನಲ್ಲಿ ರಕ್ತ ಪರೀಕ್ಷಿಸಿದಾಗ, ಆರರಿಂದ ಒಂಬತ್ತು ವರ್ಷದ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಪ್ರತಿಕಾಯ ಸಿಕ್ಕಿತು. ಮನೆಯಲ್ಲೇ ಇದ್ದ ಮಕ್ಕಳವು! ತೆರೆದರೆ ಅಪಾಯವಿಲ್ಲ ಎಂದು ಇದರಿಂದ ಸಾಬೀತಾಗದು. ಮುಚ್ಚಿದರೆ ಮಕ್ಕಳಿಗೆ ಸೋಂಕು ತಗುಲದು ಎಂಬ ನಂಬಿಕೆಯಂತೂ ಉಳಿಯಲಿಲ್ಲ. ಇನ್ನು ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ: ರಾಜ್ಯದ ಹಳ್ಳಿಗಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ. 19ರಷ್ಟಿದ್ದರು, 2021ರಲ್ಲಿ ಶೇ. 10ಕ್ಕೆ ಇಳಿದರು. ಎರಡು ಸಲವೂ ಮನೆಗೇ ಹೋಗಿ, ಮಗುವಿನ ಕೈಗೆ ಪಾಠ ಕೊಟ್ಟು ಓದಿಸಿದ್ದರಿಂದ ಹೋಲಿಸಲು ಬರುತ್ತದೆ.

ಪುರಾವೆ ತೆಳುವಾಗಿದ್ದರೆ ಎರಡು ವಾರಕ್ಕಷ್ಟೇ ಮುಚ್ಚಿ ಎನ್ನು, ಮತ್ತೆ ಸಭೆ ಸೇರುವ ದಿನವನ್ನು ಅಲ್ಲೇ ಬರೆಸು. ನಿನ್ನ ಶಾಲೆಯಲ್ಲೊಂದು ವಹಿ ಇಡು. ಯಾವ ಮಗುವಿಗೆ ಜ್ವರ, ಮನೆಯಲ್ಲಿ ಮೊದಲು ಯಾರಿಗೆ ಬಂತು, ಅಂದು ಶಾಲೆಗೆ ಬಂದಿತ್ತೋ ಇಲ್ಲವೋ, ಎಲ್ಲ ಅದರಲ್ಲಿರಲಿ. ವಾರಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಬಾ.