ಪ್ಲಗ್ಗಿನ ಮೂರನೇ ಪಿನ್ನು: ಭಾರತೀಯ ಮಾನಕ ಐಎಸ್ 1293

ಭಾರತದಲ್ಲಿ ಮನೆಬಳಕೆಯ ಪ್ಲಗ್ ಮತ್ತು ಸಾಕೆಟ್‌ಗಳಿಗೆ ಅನ್ವಯಿಸುವ ಮಾನಕ ಐಎಸ್ 1293. ಇದನ್ನು ಪ್ರಕಟಿಸುವುದು ಭಾರತೀಯ ಮಾನಕ ಬ್ಯೂರೋ (ಬಿಐಎಸ್). ಮೂಲ ಮಾದರಿ ಬ್ರಿಟನ್ನಿನ ಹಳೆಯ ಮಾನಕ ಬಿಎಸ್ 546. ಬ್ರಿಟನ್ ಮುಂದೆ ಫ್ಯೂಸ್ ಇರುವ, ಚಪ್ಪಟೆ ಪಿನ್ನುಗಳ 13 ಆಂಪಿಯರ್ ಪ್ಲಗ್ಗಿಗೆ ಬದಲಾಯಿತು. ನಮ್ಮಲ್ಲಿ ದುಂಡು ಪಿನ್ನೇ ಉಳಿಯಿತು.

ಅಳತೆಗಳು ಎರಡು. ಮಿಕ್ಸಿ, ಫ್ಯಾನ್, ಟಿವಿಗೆ 6 ಆಂಪಿಯರ್ (ಡಿ ಮಾದರಿ). ಗೀಸರ್, ಎಸಿಯಂಥವಕ್ಕೆ 16 ಆಂಪಿಯರ್ (ಎಂ ಮಾದರಿ). ಮನೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಆದ್ದರಿಂದ 6 ಆಂಪಿಯರ್ ಸಾಕೆಟ್ಟಿನ ಮಿತಿ 230 × 6 = 1380 ವ್ಯಾಟ್. 2000 ವ್ಯಾಟ್ ಗೀಸರ್‌ಗೆ ಸುಮಾರು 8.7 ಆಂಪಿಯರ್ ಬೇಕು. ಅದನ್ನು ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕೆಟ್ ಬಿಸಿಯೇರಿ ಕರಗಬಹುದು, ಬೆಂಕಿಯೂ ಹೊತ್ತಬಹುದು. ಈ ಲೆಕ್ಕ ಪರೀಕ್ಷೆಗಷ್ಟೇ ಅಲ್ಲ, ಮನೆಗೂ ಬೇಕು.

ಮೂರನೇ ಪಿನ್ನು, ಅಂದರೆ ಅರ್ತ್ ಪಿನ್ನು, ಉದ್ದ ಮತ್ತು ದಪ್ಪ ಏಕೆ? ಹೆಚ್ಚು ವಿದ್ಯುತ್ ಹರಿಯುತ್ತದೆ ಎಂದು ಬರೆಯುವವರೇ ಬಹಳ, ಅದು ತಪ್ಪು. ಸರಿಯಿದ್ದ ಉಪಕರಣದಲ್ಲಿ ಆ ಪಿನ್ನಿನಲ್ಲಿ ಪ್ರವಾಹ ಇರುವುದೇ ಇಲ್ಲವೆನ್ನಬಹುದು. ಉದ್ದವಿರುವುದರಿಂದ ಅದು ಮೊದಲು ತಾಗುತ್ತದೆ, ಕೊನೆಗೆ ಬಿಡುತ್ತದೆ. ಫೇಸ್ (ವಿದ್ಯುತ್ ತರುವ ತಂತಿ) ಸೇರುವ ಮೊದಲೇ ಉಪಕರಣದ ಲೋಹದ ಕವಚ ಭೂಮಿಗೆ ಜೋಡಣೆಯಾಗಿರುತ್ತದೆ. ದಪ್ಪವಿರುವುದರಿಂದ ಫೇಸ್ ರಂಧ್ರಕ್ಕೆ ತೂರುವುದಿಲ್ಲ.

ಮೊಬೈಲ್ ಚಾರ್ಜರಿಗೆ ಎರಡೇ ಪಿನ್ನು ಸಾಕು, ಏಕೆಂದರೆ ಅದಕ್ಕೆ ಇಮ್ಮಡಿ ನಿರೋಧನವಿದೆ. ಚೌಕದೊಳಗೊಂದು ಚೌಕ ಇದರ ಗುರುತು. ಇಸ್ತ್ರಿಪೆಟ್ಟಿಗೆಯ ಮೂರನೇ ಪಿನ್ನನ್ನು ಮಾತ್ರ ಎಂದೂ ತೆಗೆಯಬಾರದು.