ಕಲಿತ ಕಸುಬಿಗೆ ದೂರದ ಗಿರಾಕಿ

ಮಲೆನಾಡಿನ ಮನೆಗಳಲ್ಲಿ ಇಂದು ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: ‘ಮನೆಯಲ್ಲೇ ಕುಳಿತು ಮೊಬೈಲ್‌ನಿಂದ ಸಂಪಾದಿಸಬಹುದಂತೆ, ಹೌದೇ?’ ಅರಳಸುರಳಿಯ ಸುತ್ತಮುತ್ತಲಾಗಲಿ, ಹೊಸನಗರ, ಸಾಗರ, ತೀರ್ಥಹಳ್ಳಿಯ ಇತರ ಊರುಗಳಲ್ಲಾಗಲಿ ಈ ಪ್ರಶ್ನೆ ಏಳಲು ಕಾರಣವಿದೆ. ಎಲೆಚುಕ್ಕೆ ರೋಗ ಅಡಿಕೆ ತೋಟಗಳನ್ನು ಕಾಡುತ್ತಿದೆ. ತೋಟದ ಕೂಲಿಯನ್ನೇ ನಂಬಿದ ಕುಟುಂಬಕ್ಕೆ ಮಳೆಗಾಲದ ತಿಂಗಳುಗಳನ್ನು ದೂಡುವುದು ಕಷ್ಟ. ಓದಿದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ವಯಸ್ಸಾದ ತಂದೆತಾಯಿಯರನ್ನು ಬಿಟ್ಟು ಹೋಗಲಾರದವರು ಊರಲ್ಲೇ ಉಳಿದು ದಾರಿ ಹುಡುಕುತ್ತಾರೆ.

ಆ ಪ್ರಶ್ನೆಗೆ ಉತ್ತರ: ಹೌದು, ಸಂಪಾದಿಸಬಹುದು. ಆದರೆ ಮೊಬೈಲ್ ತಾನಾಗಿ ಹಣ ಕೊಡುವುದಿಲ್ಲ. ನಮ್ಮ ಕೆಲಸ ಬೇಕಾದ ಒಬ್ಬ ಮನುಷ್ಯ ಹಣ ಕೊಡುತ್ತಾನೆ. ಮೊಬೈಲ್ ನಮಗೂ ಅವನಿಗೂ ನಡುವಿನ ದಾರಿ. ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯ ಅವಕಾಶವನ್ನೂ ಮೋಸವನ್ನೂ ಬೇರೆಬೇರೆಯಾಗಿ ಗುರುತಿಸಬಹುದು.

ನಮ್ಮ ಕೈಯಲ್ಲಿ ಏನಿದೆ?

‘ನನಗೇನೂ ಬರುವುದಿಲ್ಲ’ ಎನ್ನುವ ಗೃಹಿಣಿಯೇ ಅಪ್ಪೆಮಿಡಿಯನ್ನು ವರ್ಷವಿಡೀ ಕೆಡದಂತೆ ಉಪ್ಪಿಗೆ ಹಾಕಬಲ್ಲಳು. ಆ ಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೇ ಇದೆ. ಹಲಸಿನ ಹಪ್ಪಳ ತಟ್ಟುವುದು, ಹೊಲಿಗೆ, ಲೆಕ್ಕ ಬರೆಯುವುದು, ಮಕ್ಕಳಿಗೆ ಗಣಿತ ಹೇಳಿಕೊಡುವುದು, ಇವೆಲ್ಲ ವಿದ್ಯೆಗಳೇ. ದೀವರ ಹೆಣ್ಣುಮಕ್ಕಳು ಮನೆಯ ಗೋಡೆಗೆ ಬರೆಯುತ್ತಿದ್ದ ಹಸೆ ಚಿತ್ತಾರವನ್ನು ಇಂದು ದೂರದವರೂ ಬಯಸಿ ಕೊಳ್ಳುತ್ತಾರೆ. ನಿತ್ಯ ಮಾಡುವ ಕೆಲಸವಾದ್ದರಿಂದ ನಾವು ಇದಕ್ಕೆ ಬೆಲೆ ಕಟ್ಟುವುದಿಲ್ಲ, ಅಷ್ಟೇ.

ಸಾಗರದ ಬಳಿಯ ಹೆಗ್ಗೋಡಿನಲ್ಲಿ 1996ರಲ್ಲಿ ಆರಂಭವಾದ ‘ಚರಕ’ ಮಹಿಳಾ ಸಹಕಾರ ಸಂಘ ಇದನ್ನು ಮೊಬೈಲ್ ಬರುವ ಮೊದಲೇ ತೋರಿಸಿಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ನೇಯ್ದು, ನೈಸರ್ಗಿಕ ಬಣ್ಣ ಹಾಕಿ, ಹೊಲಿದ ಬಟ್ಟೆಗಳು ‘ದೇಸಿ’ ಅಂಗಡಿಗಳ ಮೂಲಕ ಪಟ್ಟಣ ಸೇರಿದವು. ಕಸುಬು ಊರಲ್ಲಿತ್ತು, ಗಿರಾಕಿ ದೂರದಲ್ಲಿದ್ದ. ಒಬ್ಬೊಬ್ಬರಿಂದ ಆಗದ ಮಾರಾಟವನ್ನು ಸಂಘ ವಹಿಸಿಕೊಂಡಿತು. ಇಂದು ನಾಲ್ಕು ಮನೆಯವರು ಸೇರಿ ಒಂದೇ ವಾಟ್ಸಾಪ್ ಸಂಖ್ಯೆಯಿಂದ ಉಪ್ಪಿನಕಾಯಿ ಮಾರುವುದಾದರೂ ಪಾಠ ಅದೇ.

ಸಂತ ಪೌಲರು ಕೊರಿಂಥಕ್ಕೆ ಬಂದಾಗ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಗಳೊಡನೆ ಇದ್ದು ಗುಡಾರ ಮಾಡುವ ಕೆಲಸದಲ್ಲಿ ತೊಡಗಿದರೆಂದು ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯ ತಿಳಿಸುತ್ತದೆ. ಊರು ಹೊಸದಾಗಿತ್ತು, ಕಸುಬು ಹಳೆಯದೇ ಆಗಿತ್ತು.

ಕನ್ನಡವೇ ಕಸುಬಾದಾಗ

ಬೆಂಗಳೂರಿನಲ್ಲಿ 2021ರಲ್ಲಿ ಆರಂಭವಾದ ‘ಕಾರ್ಯ’ ಎಂಬ ಸಂಸ್ಥೆಯ ಉದಾಹರಣೆ ಗಮನಿಸಬೇಕಾದದ್ದು. ಯಂತ್ರಗಳಿಗೆ ನಮ್ಮ ಭಾಷೆ ಕಲಿಸಲು ಜನರ ಧ್ವನಿ ಬೇಕು. ಕರ್ನಾಟಕದ ಆಲಹಳ್ಳಿ, ಚಿಲುಕವಾಡಿಯಂಥ ಹಳ್ಳಿಗಳ ಜನ ಮೊಬೈಲ್‌ನಲ್ಲಿ ಮೂಡುವ ಕನ್ನಡ ವಾಕ್ಯಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಸಂಪಾದಿಸಿದ್ದನ್ನು 2023ರಲ್ಲಿ ‘ಟೈಮ್’ ಪತ್ರಿಕೆ ವಿವರವಾಗಿ ವರದಿ ಮಾಡಿತು. ಸಂಭಾವನೆ ಗಂಟೆಗೆ ಸುಮಾರು 5 ಡಾಲರ್, ಅಂದಿನ ಲೆಕ್ಕದಲ್ಲಿ 400 ರೂಪಾಯಿಗೂ ಮೇಲೆ. ಆ ಧ್ವನಿಯ ಸಂಗ್ರಹವನ್ನು ಮತ್ತೊಮ್ಮೆ ಮಾರಿದರೆ ಓದಿದವರಿಗೂ ಪಾಲು ಉಂಟು. ಇಲ್ಲಿ ಬೇಕಾದ ವಿದ್ಯೆ ಒಂದೇ: ತಾಯ್ನುಡಿಯನ್ನು ತಪ್ಪಿಲ್ಲದೆ ಓದುವುದು. ಆದರೆ ಇದು ಖಾಯಂ ನೌಕರಿಯಲ್ಲ. ಒಬ್ಬರಿಗೆ ಸಿಗುವ ಕೆಲಸಕ್ಕೆ ಮಿತಿಯಿದೆ. ಆನ್‌ಲೈನ್ ಸಂಪಾದನೆಯನ್ನು ಮನೆಯ ಆದಾಯಕ್ಕೆ ಆಸರೆಯೆಂದು ಎಣಿಸಬೇಕೇ ಹೊರತು, ಅದನ್ನು ನಂಬಿ ಇರುವ ಕೆಲಸ ಬಿಡಬಾರದು.

ದುಡಿದವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಜಗದ್ಗುರು ಹದಿಮೂರನೇ ಲಿಯೋ 1891ರಲ್ಲಿ ‘ರೇರುಂ ನೊವಾರುಂ’ ಪತ್ರದಲ್ಲಿ ಒತ್ತಿ ಹೇಳಿದರು. 2025ರಲ್ಲಿ ಆಯ್ಕೆಯಾದ ಹದಿನಾಲ್ಕನೇ ಲಿಯೋ ತಾವು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಕಾರಣ ಹೇಳುವಾಗ ಇದೇ ಪತ್ರವನ್ನು ನೆನೆದರು. ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ದುಡಿಮೆಯ ಘನತೆ ಕಾಯಬೇಕೆಂದರು. ಮೊಬೈಲ್‌ನಲ್ಲಿ ಮಾಡಿದರೂ ದುಡಿಮೆ ದುಡಿಮೆಯೇ.

ಬೆಲೆ ಕಟ್ಟುವ ಬಗೆ

ಒಂದು ಬಾಟಲಿ ಉಪ್ಪಿನಕಾಯಿಗೆ ಮಿಡಿ, ಮೆಣಸು, ಉಪ್ಪು, ಬಾಟಲಿ ಸೇರಿ 120 ರೂಪಾಯಿ, ಡಬ್ಬಿಗೂ ಅಂಚೆಗೂ 70 ರೂಪಾಯಿ ಎಂದಿಟ್ಟುಕೊಳ್ಳೋಣ. 200ಕ್ಕೆ ಮಾರಿದರೆ ಉಳಿಯುವುದು 10 ರೂಪಾಯಿ. ಮಿಡಿ ತೊಳೆದು, ಖಾರ ಅರೆದು, ಪೇಟೆಯ ಅಂಚೆ ಕಚೇರಿಗೆ ಹೋಗಿಬಂದ ಶ್ರಮದ ಕೂಲಿ ಎಲ್ಲಿ? ಮನೆಯ ಹೆಂಗಸಿನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಮಾರುವುದು ಲಾಭವಲ್ಲ. ಗಿರಾಕಿಗೆ ಮೋಸ ಮಾಡಬಾರದು ಎಂಬಷ್ಟೇ ಮುಖ್ಯ, ನಮ್ಮವಳ ಶ್ರಮಕ್ಕೆ ಮೋಸವಾಗಬಾರದು ಎಂಬುದು.

ಆಹಾರ ಪದಾರ್ಥ ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಬೇಕು. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ಜಿ.ಎಸ್.ಟಿ. ನೋಂದಣಿ ಇಲ್ಲದೆಯೂ, ಕೆಲವು ನಿಯಮಗಳಿಗೆ ಒಳಪಟ್ಟು, ಆನ್‌ಲೈನ್ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಸರಕು ಮಾರಬಹುದು. ಆರಂಭಕ್ಕೆ ಪರಿಚಿತರ ನಾಲ್ಕು ಮನೆ ಸಾಕು. ಹೇಳಿದ ದಿನ ಕಳಿಸುವುದು, ತೂಕದಲ್ಲಿ ಕಡಿಮೆ ಮಾಡದಿರುವುದು, ಇವೆರಡು ಐದನೆಯ ಗಿರಾಕಿಯನ್ನು ತಾವಾಗಿ ತರುತ್ತವೆ.

ಯಾರು ಯಾರಿಗೆ ಕೊಡಬೇಕು?

ಇನ್ನೊಂದು ಕಡೆ ಮೋಸದ ಬಲೆ ಹರಡಿದೆ. ‘ವಿಡಿಯೋಗೆ ಲೈಕ್ ಒತ್ತಿ, ಹೋಟೆಲಿಗೆ ಸ್ಟಾರ್ ಕೊಡಿ, ದಿನಕ್ಕೆ ಸಾವಿರಾರು ರೂಪಾಯಿ’ ಎಂಬ ಸಂದೇಶ ವಾಟ್ಸಾಪ್ ಅಥವಾ ಟೆಲಿಗ್ರಾಂನಲ್ಲಿ ಬರುತ್ತದೆ. ಮೊದಲು ನೂರೋ ಇನ್ನೂರೋ ರೂಪಾಯಿ ಖಾತೆಗೆ ಬೀಳುತ್ತದೆ. ನಂಬಿಕೆ ಹುಟ್ಟಿದ ಮೇಲೆ ‘ಮುಂಗಡ ಕಟ್ಟಿ’ ಎನ್ನುತ್ತಾರೆ. ಪರದೆಯ ಮೇಲೆ ಅಂಕಿ ಬೆಳೆಯುತ್ತದೆ. ಹಣ ತೆಗೆಯಲು ಹೋದರೆ ‘ತೆರಿಗೆ ಕಟ್ಟಿ’ ಎನ್ನುತ್ತಾರೆ. ಹೀಗೆ ಒಡವೆ ಅಡವಿಟ್ಟ ಹಣವೂ ಹೋಗುತ್ತದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ 100ಕ್ಕೂ ಹೆಚ್ಚು ಜಾಲತಾಣಗಳನ್ನು ಮುಚ್ಚಿಸಿತು.

ಪರೀಕ್ಷೆ ಸರಳ: ಕೆಲಸ ಕೊಡುವವನು ನಮಗೆ ಹಣ ಕೊಡಬೇಕು. ಕೆಲಸ ಮಾಡುವವನಿಂದಲೇ ಮೊದಲು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದರ್ಥ. ‘ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಿ, ಕಮಿಷನ್ ಕೊಡುತ್ತೇವೆ’ ಎನ್ನುವವರಿಂದ ಇನ್ನೂ ದೂರವಿರಿ. ಬೇರೊಬ್ಬರಿಂದ ಕದ್ದ ಹಣ ನಿಮ್ಮ ಖಾತೆಯ ಮೂಲಕ ಹಾದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅನೇಕರು ನಾಚಿಕೆಯಿಂದ ಮುಚ್ಚಿಡುತ್ತಾರೆ; ‘ಅಪ್ಪ ಏನನ್ನುತ್ತಾರೋ’ ಎಂದು ಮಗ ಇನ್ನೊಂದು ಸಾಲ ಮಾಡುತ್ತಾನೆ. ತಂದೆತಾಯಿಗಳೇ, ಮಕ್ಕಳು ಬಂದು ಹೇಳಿಕೊಳ್ಳುವಷ್ಟು ಧೈರ್ಯ ನಿಮ್ಮ ಮನೆಯಲ್ಲಿರಲಿ. ಬೈಗುಳಕ್ಕೆ ಮುಂಚೆ 1930ಕ್ಕೆ ಕರೆ ಹೋಗಲಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಪ್ರತಿಯೊಬ್ಬರಿಗೂ ಬರುವ ಒಂದೊಂದು ಕೆಲಸವನ್ನು ಹೆಸರಿಸಿ. ಅದು ಯಾರಿಗೆ ಬೇಕಾಗಬಹುದು?

2. ಅಮ್ಮನ ದುಡಿಮೆಗೆ ನಾವು ಎಂದಾದರೂ ಲೆಕ್ಕ ಹಾಕಿದ್ದೇವೆಯೇ?

3. ಯಾರೊಡನೆ ಸೇರಿದರೆ ಮಾರಾಟ ಸುಲಭವಾದೀತು?

4. ಹಣದ ವಿಷಯದಲ್ಲಿ ಎಡವಿದವರು ನಮ್ಮ ಮನೆಯಲ್ಲಿ ಹೆದರದೆ ಮಾತಾಡಬಲ್ಲರೇ?