ಕಾಯಕ, ಕಸುಬು, ನೌಕರಿ: ದುಡಿಮೆಯ ತಾರತಮ್ಯವನ್ನು ಕುರಿತ ಕನ್ನಡ ಚಿಂತನೆ

1. ಪೀಠಿಕೆ

ಬಿಳಿ ಕಾಲರಿನ ಉದ್ಯೋಗ, ನೀಲಿ ಕಾಲರಿನ ಉದ್ಯೋಗ ಎಂಬ ವಿಂಗಡಣೆ ಪಶ್ಚಿಮದಿಂದ ಬಂದದ್ದು. ಕಚೇರಿಯಲ್ಲಿ ಮೇಜಿನ ಮುಂದೆ ಕುಳಿತು ಬರೆಯುವವನ ಅಂಗಿ ಬೆಳ್ಳಗೆ ಉಳಿಯುತ್ತದೆ. ಯಂತ್ರದ ಬಳಿ ನಿಂತವನ ಅಂಗಿಗೆ ಎಣ್ಣೆ, ಮಸಿ ಹತ್ತುವುದರಿಂದ ಅದಕ್ಕೆ ಗಾಢವಾದ ಬಣ್ಣವೇ ಅನುಕೂಲ. ಇಷ್ಟು ಸರಳವಾದ ಬಟ್ಟೆಯ ಸಂಗತಿ ಕ್ರಮೇಣ ಸಾಮಾಜಿಕ ಅಂತಸ್ತಿನ ಗುರುತಾಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ ತನ್ನ ದೇಶದ ಮಧ್ಯಮವರ್ಗವನ್ನು ಕುರಿತು 1951ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ವೈಟ್ ಕಾಲರ್’ ಎಂದೇ ಹೆಸರಿಟ್ಟನು.

ಆದರೆ ಈ ಪದಗಳು ಸೂಚಿಸುವ ತಾರತಮ್ಯ ಕನ್ನಡಿಗರಿಗೆ ಹೊಸದಲ್ಲ. ಮುಂಬಯಿಯ ಕನ್ನಡಿಗರ ಬದುಕಿನಲ್ಲಂತೂ ಅದು ದಿನನಿತ್ಯದ ಅನುಭವವಾಗಿತ್ತು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗನಿಗೆ ಈ ಎರಡು ಲೋಕಗಳ ನಡುವಣ ಅಂತರ ಕೆಲವೇ ಫರ್ಲಾಂಗುಗಳಷ್ಟಿತ್ತು. ಅದನ್ನು ದಾಟಲು ಮಾತ್ರ ಹತ್ತಾರು ವರ್ಷಗಳು ಬೇಕಾಗುತ್ತಿದ್ದವು. ಕೈಯ ದುಡಿಮೆ ಮೇಲೋ, ಲೇಖನಿಯ ದುಡಿಮೆ ಮೇಲೋ ಎಂಬ ಪ್ರಶ್ನೆಯನ್ನು ಕನ್ನಡದ ನುಡಿ, ಶಾಸನ, ವಚನ ಮತ್ತು ಆಧುನಿಕ ಸಾಹಿತ್ಯಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪದಗಳು ಹೇಳುವ ಚರಿತ್ರೆ

ದುಡಿಮೆಗೆ ಸಂಬಂಧಿಸಿದ ಕನ್ನಡದ ಶಬ್ದಸಂಪತ್ತು ಒಂದು ಪುಟ್ಟ ಸಾಮಾಜಿಕ ಇತಿಹಾಸವೇ ಆಗಿದೆ. ‘ದುಡಿ’, ‘ಗೆಯ್ಮೆ’, ‘ಕೆಲಸ’, ‘ಕೂಲಿ’ ಎಂಬವು ನೆಲದ ಮಾತುಗಳು. ‘ಕಾಯಕ’ ಎಂಬುದರಲ್ಲಿ ಕಾಯ, ಅಂದರೆ ದೇಹ, ನೇರವಾಗಿ ಕಾಣುತ್ತದೆ. ‘ಕಸುಬು’ ಅರಬ್ಬಿ ಮೂಲದ್ದು. ಗಳಿಕೆ ಎಂಬುದು ಅದರ ಮೊದಲ ಅರ್ಥ. ‘ಮೇಸ್ತ್ರಿ’ ಪೋರ್ಚುಗೀಸರಿಂದ ಬಂದದ್ದು. ಅಲ್ಲಿ ಅದಕ್ಕೆ ಗುರು, ನಿಪುಣ ಎಂಬ ಅರ್ಥಗಳಿವೆ. ಗಾರೆ ಕೆಲಸದವನನ್ನು ಮೇಸ್ತ್ರಿಯೆಂದು ಕರೆಯುವಾಗ ತಿಳಿಯದೆಯೇ ಅವನನ್ನು ಗುರುಸ್ಥಾನದಲ್ಲಿ ಕೂರಿಸಿದಂತಾಗುತ್ತದೆ.

ಇನ್ನೊಂದು ಕಡೆ ‘ನೌಕರಿ’, ‘ಚಾಕರಿ’, ‘ಗುಮಾಸ್ತ’, ‘ಕಾರಕೂನ’ ಎಂಬ ಪದಗಳಿವೆ. ಇವೆಲ್ಲ ಪಾರಸಿಯಿಂದ ಆಡಳಿತದ ದಾರಿಯಲ್ಲಿ ಕನ್ನಡಕ್ಕೆ ಬಂದವು. ನೌಕರ, ಚಾಕರ ಎರಡರ ಮೂಲಾರ್ಥವೂ ಸೇವಕ ಎಂದೇ. ಗುಮಾಸ್ತನೆಂದರೆ ಮತ್ತೊಬ್ಬರ ಪರವಾಗಿ ನೇಮಕಗೊಂಡವನು. ಇಂದು ‘ನೌಕರಿ ಸಿಕ್ಕಿತು’ ಎಂಬುದು ಹೆಮ್ಮೆಯ ಮಾತು. ‘ಚಾಕರಿ ಮಾಡುತ್ತಾನೆ’ ಎಂಬುದು ಹೀನಾಯದ ಮಾತು. ಒಂದೇ ಅರ್ಥದ ಎರಡು ಪದಗಳಲ್ಲಿ ಒಂದು ಮೇಲೇರಿ ಇನ್ನೊಂದು ಕೆಳಗಿಳಿದಿದೆ. ಗೌರವವೆಂಬುದು ಕೆಲಸದಲ್ಲಿ ತಾನಾಗಿ ಇರುವುದಿಲ್ಲ, ಸಮಾಜ ಅದಕ್ಕೆ ಹಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕಾಗದು.

3. ಶಾಸನ ಮತ್ತು ವಚನಗಳ ಸಾಕ್ಷ್ಯ

ಮಧ್ಯಕಾಲೀನ ಕರ್ನಾಟಕದಲ್ಲಿ ಕೈಯ ಕೆಲಸ ಸಂಪೂರ್ಣವಾಗಿ ಅನಾಮಿಕವಾಗಿತ್ತೆಂದು ಹೇಳಲಾಗದು. ಎಷ್ಟೋ ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದವನ ಹೆಸರಿನ ಜೊತೆಗೆ ಅದನ್ನು ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರೂ ಇರುತ್ತದೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ಬಿರುದುಸಹಿತವಾಗಿ ಕೆತ್ತಲ್ಪಟ್ಟಿವೆ. ಹದಿಮೂರನೆಯ ಶತಮಾನದ ಮಲ್ಲಿತಮ್ಮನ ಹೆಸರು ಸೋಮನಾಥಪುರವೂ ಸೇರಿದಂತೆ ಹಲವು ಗುಡಿಗಳಲ್ಲಿ ದೊರೆಯುತ್ತದೆ. ಬರೆಯುವವನೂ ಕೆತ್ತುವವನೂ ಒಂದೇ ಕಲ್ಲಿನ ಮೇಲೆ ತಮ್ಮ ಗುರುತನ್ನು ಉಳಿಸಿದ್ದಾರೆ.

ಆದರೆ ಈ ಮನ್ನಣೆ ಕೆಲವು ಕುಶಲಕರ್ಮಿಗಳಿಗೆ ಮಾತ್ರ ಸಲ್ಲುತ್ತಿತ್ತು. ಅದನ್ನು ದುಡಿಯುವ ಎಲ್ಲರಿಗೂ ವಿಸ್ತರಿಸಿದ ಕೀರ್ತಿ ಹನ್ನೆರಡನೆಯ ಶತಮಾನದ ಶರಣರದು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ತುರುಗಾಹಿ ರಾಮಣ್ಣ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಇವರ ಹೆಸರುಗಳಲ್ಲಿ ಕಸುಬೇ ಮುಂದೆ ನಿಲ್ಲುತ್ತದೆ. ನೂಲುವ, ಭತ್ತ ಕುಟ್ಟುವ ಹೆಂಗಸರ ದುಡಿಮೆಯೂ ಇಲ್ಲಿ ಹೆಸರು ಪಡೆಯಿತೆಂಬುದು ವಿಶೇಷ ಗಮನಕ್ಕೆ ಅರ್ಹವಾದ ಸಂಗತಿ. ಬಿಳಿ, ನೀಲಿ ಎಂಬ ಇಂದಿನ ವಿಂಗಡಣೆ ಮನೆಯೊಳಗಿನ ದುಡಿಮೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈ ಸಮೂಹದ ನಡುವೆ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತ ಅಧಿಕಾರಿಯಾಗಿದ್ದರು. ಇಂದಿನ ಪರಿಭಾಷೆಯಲ್ಲಿ ಅವರದು ಲೆಕ್ಕಪತ್ರದ ಉದ್ಯೋಗ, ಬಿಳಿ ಅಂಗಿಯ ಉದ್ಯೋಗ. ಅವರು ಆ ಉದ್ಯೋಗವನ್ನು ಕೀಳೆಂದು ತೊರೆದು ಚಮ್ಮಾರಿಕೆಗೆ ಇಳಿಯಲಿಲ್ಲ. ಚಮ್ಮಾರಿಕೆಗಿಂತ ಅದು ಮೇಲೆಂದೂ ಭಾವಿಸಲಿಲ್ಲ. ಅವರ ನಿಲುವಿನ ಸಾರವಿರುವುದು ಇಲ್ಲಿ. ಯಾವ ಕೆಲಸ ಎಂಬುದಕ್ಕಿಂತ ಅದರ ಗಳಿಕೆ ಶುದ್ಧವಾಗಿದೆಯೇ, ಅದು ದಾಸೋಹಕ್ಕೆ ಸಲ್ಲುತ್ತದೆಯೇ ಎಂಬುದು ಅವರ ಮಾನದಂಡ. ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆ ಪ್ರಸಿದ್ಧವಾಗಿದೆ. ಕೈಯ ದುಡಿಮೆಯೆಂಬ ಕಾರಣಕ್ಕೇ ಅದು ಪವಿತ್ರವಾಗದು. ಅದಕ್ಕೂ ಮಿತಿಯುಂಟು, ನೀತಿಯುಂಟು ಎಂಬುದು ಆ ಕಥೆಯ ತಾತ್ಪರ್ಯ.

ಈ ಸಮಾನತೆ ಮಾತಿನಲ್ಲಿರುವವರೆಗೆ ಕಲ್ಯಾಣ ಅದನ್ನು ಸಹಿಸಿತು. ಮಂತ್ರಿ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ವಿವಾಹ ನಡೆದಾಗ ರಾಜ್ಯ ಕೆರಳಿತು, ಇಬ್ಬರು ತಂದೆಯರಿಗೂ ಮರಣದಂಡನೆ ಆಯಿತು ಎಂದು ಪರಂಪರೆ ಹೇಳುತ್ತದೆ. ಕೆಲಸಕ್ಕೆ ಕೊಡುವ ಗೌರವದ ನಿಜವಾದ ಪರೀಕ್ಷೆ ನಡೆಯುವುದು ಉಣ್ಣುವ ಮತ್ತು ಕೊಟ್ಟುತರುವ ಸಂಬಂಧದಲ್ಲಿ ಎಂಬುದಕ್ಕೆ ಈ ಘಟನೆ ಸಾಕ್ಷಿ.

4. ಇಂಗ್ಲಿಷ್ ವಿದ್ಯೆ ಮತ್ತು ಬಿಳಿ ಅಂಗಿಯ ಆಕರ್ಷಣೆ

1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಪದವಿಯೆಂಬುದು ಜ್ಞಾನದ ಗುರುತಾದಷ್ಟೇ ಸರಕಾರಿ ಹುದ್ದೆಯ ರಹದಾರಿಯೂ ಆಯಿತು. ಹಿಂದೆ ಕರಣಿಕ, ಶಾನುಭೋಗ ಮನೆತನಗಳಲ್ಲಿ ವಂಶಪಾರಂಪರ್ಯವಾಗಿದ್ದ ಲೇಖನವೃತ್ತಿ, ತತ್ತ್ವಶಃ, ಓದಿದ ಯಾರಿಗಾದರೂ ತೆರೆದುಕೊಂಡಿತು.

ಈ ಪರಿವರ್ತನೆಯನ್ನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಷ್ಟು ಸೂಕ್ಷ್ಮವಾಗಿ ಗ್ರಹಿಸಿದ ಕೃತಿ ಕನ್ನಡದಲ್ಲಿ ವಿರಳ. ಕಡಲತಡಿಯ ಹಳ್ಳಿಯ ರಾಮ ಐತಾಳರಿಗೆ ನೆರೆಯ ಶೀನ ಮಯ್ಯರ ಮನೆಯವರು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ಹಣ ಮಾಡಿದ್ದು ಸಹಿಸದು. ತನ್ನ ಮಗ ಲಚ್ಚನಿಗೆ ಇಂಗ್ಲಿಷ್ ಓದಿಸಿ ಅವರನ್ನು ಮೀರಬೇಕೆಂಬುದು ಅವರ ಹಂಬಲ. ಅಡುಗೆಯ ಒಲೆಯಿಂದ ಬಂದ ಹಣ ಒಂದು ಕಡೆ, ಪುಸ್ತಕದಿಂದ ಬರುವ ಪ್ರತಿಷ್ಠೆ ಇನ್ನೊಂದು ಕಡೆ. ವಿದ್ಯೆಯ ಫಲವಾಗಿ ಲಚ್ಚ ಮನೆಗೆ ಪರಕೀಯನಾಗಿ ಆಸ್ತಿಯನ್ನೂ ಕಳೆಯುತ್ತಾನೆ. ಮೂರನೆಯ ತಲೆಮಾರಿನ ರಾಮ ಪದವೀಧರನಾದರೂ ಉದ್ಯೋಗಕ್ಕಾಗಿ ಅಲೆದು, ಮುಂಬಯಿಯನ್ನೂ ಕಂಡು, ಕೊನೆಗೆ ಮಣ್ಣಿಗೆ ಮರಳುತ್ತಾನೆ. ಕಾರಂತರು ವಿದ್ಯೆಯನ್ನು ನಿರಾಕರಿಸಿದರೆಂದು ಇದನ್ನು ಓದುವುದು ಸರಿಯಲ್ಲ. ಮರಳಿದ ರಾಮ ಓದಿದವನಾಗಿಯೇ ಮರಳುತ್ತಾನೆ. ಅವರು ಪ್ರಶ್ನಿಸಿದ್ದು ದುಡಿಯುವ ಕೈಯನ್ನು ಮರೆಸುವ ವಿದ್ಯೆಯನ್ನು. ಇದೇ ಕೊರತೆಯನ್ನು ತುಂಬಲೆಂದು ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಕೈಕಸುಬನ್ನು ಶಿಕ್ಷಣದ ಕೇಂದ್ರದಲ್ಲಿಡುವ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಿದ್ದರು.

5. ಮುಂಬಯಿ ಕನ್ನಡಿಗರ ಅನುಭವ

ಮುಂಬಯಿಗೆ ಬಂದ ಕರಾವಳಿಯ ಕನ್ನಡಿಗರಲ್ಲಿ ಅನೇಕರು ಕೈಯ ದುಡಿಮೆಯಿಂದಲೇ ಬದುಕು ಕಟ್ಟಿದರು. 1942ರಲ್ಲಿ ಮಾಟುಂಗಾದಲ್ಲಿ ಆರಂಭವಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈ ಪರಂಪರೆಯ ಪ್ರಸಿದ್ಧ ಕುರುಹು. ಹೋಟೆಲಿನೊಳಗೂ ಒಂದು ಶ್ರೇಣಿಯಿತ್ತು. ಪಾತ್ರೆ ತೊಳೆಯುವವ, ಮೇಜು ಒರೆಸುವವ, ಮಾಣಿ, ಅಡುಗೆಯವ, ಕೊನೆಗೆ ಗಲ್ಲೆಯಲ್ಲಿ ಕೂರುವ ಯಜಮಾನ. ಇದು ಏರಬಹುದಾದ ಏಣಿ. ಆದರೆ ಏರಿದವರಿಗಿಂತ ಕೆಳಗಿನ ಮೆಟ್ಟಿಲಲ್ಲೇ ಉಳಿದವರು ಹೆಚ್ಚು.

ಅಂಥವರಿಗೆ ಇನ್ನೊಂದು ಬಾಗಿಲು ತೆರೆದದ್ದು ರಾತ್ರಿಶಾಲೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ದುಡಿಯುವ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದವು. ಅಲ್ಲಿ ಓದಿ ಗುಮಾಸ್ತರಾದವರು, ವಕೀಲರಾದವರು, ಅಧ್ಯಾಪಕರಾದವರು ಈ ನಗರದ ಕನ್ನಡ ಸಂಘಗಳ ಬೆನ್ನೆಲುಬಾದರು. ಬ್ಯಾಂಕಿನ ನೌಕರಿ ಆ ತಲೆಮಾರಿನ ಪರಮಾದರ್ಶವಾಗಿತ್ತು. ಕೆನರಾ (1906), ಕಾರ್ಪೊರೇಶನ್ (1906), ಸಿಂಡಿಕೇಟ್ (1925), ವಿಜಯಾ (1931) ಈ ನಾಲ್ಕೂ ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲಿ ಆರಂಭವಾದದ್ದೇ ಕಷ್ಟಕ್ಕೆ ಸಿಲುಕಿದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು. 1928ರಲ್ಲಿ ಅದು ತಂದ ಪಿಗ್ಮಿ ಠೇವಣಿ ದಿನಗೂಲಿಯವರ ಚಿಲ್ಲರೆ ಕಾಸನ್ನು ಮನೆಬಾಗಿಲಲ್ಲಿ ಸಂಗ್ರಹಿಸಿತು. ದುಡಿಯುವ ಕೈಗಳ ಉಳಿತಾಯದಿಂದ ಬೆಳೆದ ಬ್ಯಾಂಕಿನಲ್ಲಿ ಆ ಕೈಗಳ ಮಕ್ಕಳು ಲೇಖನಿ ಹಿಡಿಯಲು ಹಂಬಲಿಸಿದರು. ಈ ಹಂಬಲವನ್ನು ಹಳಿಯುವುದು ನ್ಯಾಯವಲ್ಲ. ನಿಗದಿಯಾದ ವೇಳೆ, ತಿಂಗಳಿಗೊಮ್ಮೆ ತಪ್ಪದ ಸಂಬಳ, ಕಾಯಿಲೆಗೆ ರಜೆ, ಮುಪ್ಪಿಗೆ ಆಸರೆ ಇವು ಹೋಟೆಲಿನ ಹುಡುಗನಿಗೆ ಇರಲಿಲ್ಲ.

ಭದ್ರತೆಯ ಭರವಸೆ ಎರಡೂ ಕಡೆ ಒಡೆದದ್ದನ್ನು ಈ ನಗರ ಕಂಡಿದೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಜವಳಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ತೊಡಗಿದ್ದರು. ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗ್ಗದ ಮೇಲೆ ಕೈ ಪಳಗಿದ್ದವರ ಕುಶಲತೆಗೆ ಬೆಲೆಯಿಲ್ಲದಾಯಿತು. ಗಣಕಯಂತ್ರ ಬಂದ ಮೇಲೆ ಅಂದವಾದ ಕೈಬರಹದ ಲೆಕ್ಕಿಗನ ಕುಶಲತೆಗೂ ಅದೇ ಗತಿಯಾಯಿತು. ಕೇಂದ್ರ ಸರಕಾರದ ಹೊಸ ನೌಕರರಿಗೆ ಹಳೆಯ ಪಿಂಚಣಿ ಪದ್ಧತಿ 2004ರ ಜನವರಿ 1ರಿಂದ ನಿಂತಿತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು.

ಮುಂಬಯಿಯ ಕನ್ನಡ ಸಾಹಿತ್ಯ ಈ ಎರಡೂ ಲೋಕಗಳನ್ನು ಬಲ್ಲದು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕ ಸಂಘರ್ಷವನ್ನು ಕಾದಂಬರಿಯ ವಸ್ತುವಾಗಿಸಿತು. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಉನ್ನತ ಶಿಕ್ಷಣ ಪಡೆದ ಅಧಿಕಾರಿ, ಅವನ ಅಂಗಿ ಬೆಳ್ಳಗಿದೆ, ಆದರೆ ಸಂಸ್ಥೆಯೊಳಗಿನ ಸಂಚುಗಳ ನಡುವೆ ಅವನು ಬೇಟೆಯ ಮೃಗವಾಗುತ್ತಾನೆ. ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಚಿತ್ರಮಂದಿರದ ಕಸ ಗುಡಿಸುವವನಿಗೂ, ಚಲನಚಿತ್ರದ ಸಾಹಸ ದೃಶ್ಯಗಳಲ್ಲಿ ಮೈಯೊಡ್ಡುವವನಿಗೂ ಪೂರ್ಣ ವ್ಯಕ್ತಿತ್ವ ದೊರೆಯುತ್ತದೆ. ಬಿಳಿ ಅಂಗಿ ಮನುಷ್ಯನನ್ನು ಅವಮಾನದಿಂದ ಕಾಪಾಡಲಾರದು. ಮಾಸಿದ ಅಂಗಿ ಅವನ ಘನತೆಯನ್ನು ಅಳಿಸಲಾರದು. ಈ ಕೃತಿಗಳನ್ನು ಒಟ್ಟಿಗಿಟ್ಟು ಓದಿದಾಗ ಹೊಳೆಯುವ ಸತ್ಯ ಇದು.

6. ವೈಭವೀಕರಣದ ಅಪಾಯ

ಇಲ್ಲಿಗೆ ವಿಚಾರವನ್ನು ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ಶ್ರಮವೇ ಶ್ರೇಷ್ಠವೆಂದು ಹೊಗಳುವವರು ಬಹುಮಟ್ಟಿಗೆ ಆ ಶ್ರಮದಿಂದ ದೂರವಿರುವವರು. ತಲೆಮಾರುಗಳಿಂದ ಚರಂಡಿಗೆ ಇಳಿದವನ ಮುಂದೆ ಕಾಯಕತತ್ತ್ವವನ್ನು ಬೋಧಿಸುವುದು ಕ್ರೌರ್ಯವಾದೀತು. ಜಾತಿಪದ್ಧತಿಯು ಕೆಲಸವನ್ನಷ್ಟೇ ವಿಭಜಿಸಿಲ್ಲ, ಕೆಲಸಗಾರರನ್ನೇ ವಿಭಜಿಸಿದೆ ಎಂಬ ಡಾ. ಅಂಬೇಡ್ಕರರ 1936ರ ವಿಶ್ಲೇಷಣೆ ಈ ಸಂದರ್ಭದಲ್ಲಿ ನಿರ್ಣಾಯಕವಾದುದು. ಮಲ ಹೊರುವ ಪದ್ಧತಿಯನ್ನು 1993ರಲ್ಲಿಯೂ ಮತ್ತೆ 2013ರಲ್ಲಿಯೂ ಕಾನೂನಿನಿಂದ ನಿಷೇಧಿಸಬೇಕಾಗಿ ಬಂದದ್ದು ಹುಟ್ಟಿನ ಕಟ್ಟಿನಿಂದ ಬಂದ ಕೆಲಸ ಎಷ್ಟು ಬಿಗಿಯಾಗಿ ಹಿಡಿಯುತ್ತದೆಂಬುದನ್ನು ತೋರಿಸುತ್ತದೆ.

ಅರವಿಂದ ಮಾಲಗತ್ತಿಯವರ ಆತ್ಮಕಥೆಯ (1994) ಶೀರ್ಷಿಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬುದು ಧ್ವನಿಪೂರ್ಣವಾಗಿದೆ. ದಲಿತನಿಗೆ ಓದು ಮತ್ತು ನೌಕರಿ ಬಿಡುಗಡೆಯ ದಾರಿಗಳು. ಆದರೆ ಆ ದಾರಿಯಲ್ಲಿ ನಡೆದವನನ್ನೂ ಸಮಾಜ ವ್ಯಂಗ್ಯದ ಹೆಸರಿನಿಂದಲೇ ಗುರುತಿಸುತ್ತದೆ. ಆದುದರಿಂದ ಕುಲಕಸುಬಿಗೆ ಮರಳಿರೆಂಬ ಉಪದೇಶವನ್ನು ಎಲ್ಲರಿಗೂ ಒಂದೇ ಧ್ವನಿಯಲ್ಲಿ ಹೇಳಲಾಗದು. ಕಾರಂತರ ರಾಮನಿಗೆ ಮರಳಲು ಮಣ್ಣಿತ್ತು. ಭೂಮಿಯ ಹಂಬಲದಲ್ಲೇ ಸಾಯುವ ಅವರದೇ ‘ಚೋಮನ ದುಡಿ’ಯ (1933) ಚೋಮನಿಗೆ ಅದು ಇರಲಿಲ್ಲ.

7. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಉದ್ಯೋಗವನ್ನು ತೂಗಬೇಕಾದದ್ದು ಅಂಗಿಯ ಬಣ್ಣದಿಂದಲ್ಲ. ಅದು ಆಯ್ಕೆಯಿಂದ ಬಂದದ್ದೋ ಹುಟ್ಟಿನಿಂದ ಹೇರಿದ್ದೋ ಎಂಬುದರಿಂದ. ಎರಡನೆಯದಾಗಿ, ನುಡಿಯ ಗೌರವ ಸಾಲದು; ಕೂಲಿ, ಸುರಕ್ಷತೆ, ವಿಶ್ರಾಂತಿ, ಮುಪ್ಪಿನ ಆಸರೆಗಳಲ್ಲಿ ಅದು ಕಾಣಬೇಕು. ಐಟಿಐಯಲ್ಲಿ ತರಬೇತಿ ಪಡೆದ ಎಲೆಕ್ಟ್ರಿಷಿಯನ್ನನ ದುಡಿಮೆಗೂ ಪದವೀಧರ ಗುಮಾಸ್ತನ ದುಡಿಮೆಗೂ ಈ ನಾಲ್ಕು ವಿಷಯಗಳಲ್ಲಿ ಅಂತರ ಕಡಿಮೆಯಾದಂತೆ ಮೇಲುಕೀಳಿನ ಭಾವನೆಯೂ ಸಡಿಲವಾಗುತ್ತದೆ. ಮೂರನೆಯದಾಗಿ, ಓದಿದ ಕೈ ದುಡಿಯಲು ನಾಚಬಾರದು. ದುಡಿಯುವ ಕೈಗೆ ಓದು ದಕ್ಕದೆ ಹೋಗಬಾರದು. ರಾತ್ರಿಶಾಲೆಗಳು ತಮ್ಮ ಕಾಲದಲ್ಲಿ ಸಾಧಿಸಿದ್ದು ಇದನ್ನೇ.

ಕನ್ನಡ ಅಧ್ಯಯನಕ್ಕೂ ಇಲ್ಲಿ ಒಂದು ಕರ್ತವ್ಯವಿದೆ. ಬೇಸಾಯ, ಕುಂಬಾರಿಕೆ ಮೊದಲಾದ ವೃತ್ತಿಗಳ ಪದಗಳನ್ನು ಸಂಗ್ರಹಿಸುವ ಕೆಲಸ ಕರ್ನಾಟಕದಲ್ಲಿ ನಡೆದಿದೆ. ಹೊರನಾಡಿನ ಹೋಟೆಲು, ಗಿರಣಿ, ಬಂದರುಗಳಲ್ಲಿ ಕನ್ನಡ, ತುಳು, ಕೊಂಕಣಿ, ಮರಾಠಿಗಳು ಬೆರೆತು ಹುಟ್ಟಿದ ಕಸುಬಿನ ನುಡಿಯೂ ಅಂಥದೇ ಶ್ರದ್ಧೆಯನ್ನು ಬೇಡುತ್ತದೆ. ಹಗಲು ದುಡಿದು ಇರುಳು ಓದಿದ ತಲೆಮಾರಿನವರಲ್ಲಿ ಇಂದು ಉಳಿದಿರುವವರು ವೃದ್ಧರು. ಅವರ ಮಾತನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವುದು ತಡಮಾಡಬಾರದ ಕೆಲಸ. ಬೇಲೂರಿನ ರೂವಾರಿ ತನ್ನ ಹೆಸರನ್ನು ತಾನೇ ಕಲ್ಲಿನಲ್ಲಿ ಬರೆದುಕೊಂಡನು. ಮುಂಬಯಿಯ ಮಾಣಿಗೆ ಆ ಅವಕಾಶ ದೊರೆಯಲಿಲ್ಲ. ಅವನ ಹೆಸರನ್ನು ಬರೆದಿಡುವ ಹೊಣೆ ಲೇಖನಿ ಹಿಡಿದವರದು.